ಕಲ್ಲು ನೆಡಿಸಿಕೊಳ್ಳದವರ ಪ್ರೇಮಕಥೆ

ನಮ್ಮ ಐತಿಹಾಸಿಕ ಕಾದಂಬರಿಗಳಲ್ಲಿ ಪ್ರೀತಿಸಿದವರು ಬದುಕಿ ಉಳಿಯುವುದು ಅಪರೂಪ. ಕೋಟೆ ಬೀಳುತ್ತದೆ, ನಾಯಕ ರಣರಂಗದಲ್ಲಿ ಮಡಿಯುತ್ತಾನೆ, ನಾಯಕಿ ಹೊಂಡಕ್ಕೋ ಕೊಂಡಕ್ಕೋ ಹಾರುತ್ತಾಳೆ, ಓದುವವರು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಪುಸ್ತಕ ಮಡಿಚಿಡುತ್ತಾರೆ. ನಾನೂ ಹಾಗೆ ಕಣ್ಣೊರೆಸಿಕೊಂಡೇ ಬೆಳೆದವಳು. ಹೈಸ್ಕೂಲಿನಲ್ಲಿದ್ದಾಗ ಲೈಬ್ರರಿಯಿಂದ ತರುತ್ತಿದ್ದ, ರಟ್ಟು ಕಿತ್ತುಹೋಗಿ ದಪ್ಪ ದಾರದಲ್ಲಿ ಹೊಲಿದ ಆ ಕಾದಂಬರಿಗಳಲ್ಲಿ ಅಳು ಬಾರದಿದ್ದರೆ ಅದು ಸಪ್ಪೆ ಪುಸ್ತಕ ಅಂತಲೇ ನನ್ನ ಲೆಕ್ಕ. ನನಗಿಂತ ಮೊದಲು ಓದಿದವರು ಯಾರೋ ಕೊನೆಯ ಪುಟದಂಚಿನಲ್ಲಿ ಬಾಲ್‌ಪೆನ್ನಿನಿಂದ ‘ಅಯ್ಯೋ ಪಾಪ’ ಎಂದು ಬರೆದಿರುತ್ತಿದ್ದರು. ಅದರ ಕೆಳಗೆ ಇನ್ಯಾರೋ ‘ಹೌದು’ ಎಂದು ಒಪ್ಪಿಗೆ ಹಾಕಿರುತ್ತಿದ್ದರು.

ಈಗ ನಾನೇ ಐತಿಹಾಸಿಕ ಪ್ರೇಮಕಾದಂಬರಿ ಬರೆಯುತ್ತೇನೆ. ಅಚ್ಚು ಹಾಕಿಸುವುದು, ಕಟ್ಟು ಕಟ್ಟಿ ಅಂಚೆಗೆ ಹಾಕುವುದು, ಜಾತ್ರೆಯಲ್ಲಿ ಮೇಜು ಹಾಕಿಕೊಂಡು ಕೂರುವುದು ಎಲ್ಲ ನನ್ನದೇ. ನನ್ನ ಕಥೆಗಳಲ್ಲಿ ಪ್ರೀತಿಸಿದವರು ಸಾಯುವುದಿಲ್ಲ. ನಿವೃತ್ತ ಮೇಷ್ಟ್ರೊಬ್ಬರು ಪುಸ್ತಕ ಓದಿ ಫೋನ್ ಮಾಡಿ, ‘ಇತಿಹಾಸ ಎಲ್ಲ ಚೆನ್ನಾಗಿ ಬಂದಿದೆಯಮ್ಮ. ಆದ್ರೆ ಕೊನೆಗೆ ಇಬ್ಬರಲ್ಲಿ ಒಬ್ಬರನ್ನಾದ್ರೂ ಸಾಯಿಸಿದ್ರೆ ಕೃತಿಗೆ ಒಂದು ತೂಕ ಬರ್ತಿತ್ತು’ ಅಂದರು. ಹೇಳಿದ್ದು ಅಕ್ಕರೆಯಿಂದಲೇ. ಆದರೆ ಆ ಮಾತು ತಲೆಯಲ್ಲಿ ಕೂತುಬಿಟ್ಟಿತು. ಸಾವಿಗೆ ಸಿಗುವ ತೂಕ ಬದುಕಿಗೆ ಯಾಕೆ ಸಿಗುವುದಿಲ್ಲ?

ಇದಕ್ಕೆ ಕಾದಂಬರಿಕಾರರನ್ನಷ್ಟೇ ದೂರಿ ಪ್ರಯೋಜನವಿಲ್ಲ. ನಮಗೆ ಸಿಗುವ ದಾಖಲೆಗಳೇ ಹಾಗಿವೆ. ಹೋರಾಡಿ ಸತ್ತವನಿಗೆ ವೀರಗಲ್ಲು, ಅವನ ಹಿಂದೆ ಬೆಂಕಿಗೆ ಬಿದ್ದವಳಿಗೆ ಮಾಸ್ತಿಕಲ್ಲು. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನಲ್ಲಿ 1057ರ ಶಾಸನವೊಂದಿದೆ. ದೇಕಬ್ಬೆಯ ಗಂಡ ಏಚ ಕುಸ್ತಿಯಲ್ಲಿ ದಾಯಾದಿಯೊಬ್ಬನನ್ನು ಕೊಂದ. ಅದಕ್ಕೆ ದೊರೆ ಅವನನ್ನು ತಲಕಾಡಿನಲ್ಲಿ ಕೊಲ್ಲಿಸಿದ. ಸುದ್ದಿ ಕೇಳಿದ ದೇಕಬ್ಬೆ ಹೆತ್ತವರು ಎಷ್ಟು ಬೇಡಿಕೊಂಡರೂ ಕೇಳದೆ ಚಿತೆಯೇರಿದಳು. ಇದನ್ನು ಕಲ್ಲಿನ ಮೇಲೆ ಪದ್ಯದಲ್ಲಿ ಹೇಳಿದ್ದಾರೆ, ಅದೂ ಒಳ್ಳೆಯ ಪದ್ಯದಲ್ಲಿ. ಓದಿದರೆ ಇವತ್ತಿಗೂ ಗಂಟಲು ಕಟ್ಟುತ್ತದೆ. ಹೊಯ್ಸಳರ ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡಳು ಎಂಬುದು ಶಾಸನದಿಂದ ಗೊತ್ತು. ಅಷ್ಟಕ್ಕೆ ಸುಮ್ಮನಿರಲಾರದೆ ನಾವು ಬೆಟ್ಟದ ಮೇಲೆ ಅವಳು ಹಾರಿದ ಜಾಗ ಇದೇ ಎಂದು ಬಂಡೆಯನ್ನೂ ಗೊತ್ತುಮಾಡಿಟ್ಟಿದ್ದೇವೆ. ಸುಖವಾಗಿ ಸಂಸಾರ ಮಾಡಿಕೊಂಡು ಮೊಮ್ಮಕ್ಕಳ ಮದುವೆ ನೋಡಿ ಕಣ್ಣುಮುಚ್ಚಿದವರಿಗೆ ಯಾರು ಕಲ್ಲು ನೆಡಿಸಿದ್ದಾರೆ?

ಹಾಗೆಂದು ಕನ್ನಡಕ್ಕೆ ಸುಖಾಂತದ ಪ್ರೇಮಕಥೆ ಹೊಸದೇನಲ್ಲ. ಹನ್ನೆರಡನೇ ಶತಮಾನದಲ್ಲೇ ನೇಮಿಚಂದ್ರ ‘ಲೀಲಾವತಿ’ ಬರೆದ. ಬನವಾಸಿಯ ರಾಜಕುಮಾರ ಕಂದರ್ಪ ಕನಸಿನಲ್ಲಿ ಒಬ್ಬಳನ್ನು ಕಾಣುತ್ತಾನೆ, ಅವಳೂ ಕನಸಿನಲ್ಲಿ ಇವನನ್ನು ಕಾಣುತ್ತಾಳೆ, ಹುಡುಕಾಡಿ ಹುಡುಕಾಡಿ ಕೊನೆಗೆ ಇಬ್ಬರೂ ಸೇರುತ್ತಾರೆ. ಕಥೆ ಇಷ್ಟೇ. ಸಂಸ್ಕೃತದ ವಾಸವದತ್ತೆಯ ಕಥೆಯ ಜಾಡು ಹಿಡಿದಿದ್ದಾನೆ ಎಂದು ಪಂಡಿತರು ಹೇಳುತ್ತಾರೆ, ಹೇಳಲಿ. ನನಗೆ ಮುಖ್ಯವಾದದ್ದು, ನಮ್ಮ ಊರಿನಿಂದ ಬಸ್ಸಿನಲ್ಲಿ ಹೋಗಿ ಸಂಜೆಗೆ ವಾಪಸ್ ಬರಬಹುದಾದ ಬನವಾಸಿಯಲ್ಲಿ ಅವನು ಇಬ್ಬರು ಪ್ರೇಮಿಗಳನ್ನು ಜೀವಂತ ಬಿಟ್ಟಿದ್ದಾನೆ ಎನ್ನುವುದು. ಇಷ್ಟು ಹಳೆಯ ಹಿರಿಯನಿರುವಾಗ ನಾನು ಯಾರಿಗೆ ಹೆದರಲಿ?

ಇಂಗ್ಲಿಷ್ ಐತಿಹಾಸಿಕ ರೊಮಾನ್ಸುಗಳನ್ನೂ ನಾನು ಹೊಟ್ಟೆತುಂಬ ಓದಿದ್ದೇನೆ. ಅವುಗಳಲ್ಲಿ ದೊಡ್ಡ ಪಾಲು ರೀಜೆನ್ಸಿ ಕಾಲದ್ದು, ಅಂದರೆ 1811ರಿಂದ 1820ರವರೆಗಿನ ಒಂದು ಸಣ್ಣ ಅವಧಿ. ಅಷ್ಟೇ ವರ್ಷಗಳೊಳಗೆ ಸಾವಿರಾರು ಪ್ರೇಮಕಥೆಗಳು. ಅಲ್ಲಿನ ಓದುಗರಿಗೆ ಗಾಡಿಯ ಹೆಸರು, ಗೌನಿನ ಹೊಲಿಗೆ, ನೃತ್ಯಕೂಟದ ಕಟ್ಟುಪಾಡು ಎಲ್ಲ ಬಾಯಿಪಾಠ. ಬರೆಯುವವರು ಬಾಗಿಲು ತೆಗೆದರೆ ಸಾಕು, ಓದುಗರೇ ಒಳಗೆ ಬಂದು ಕುರ್ಚಿ ಹುಡುಕಿಕೊಂಡು ಕೂರುತ್ತಾರೆ. ನಮ್ಮಲ್ಲಿ ಆ ಅನುಕೂಲವಿಲ್ಲ. ಕೆಳದಿಯ ನಾಯಕರ ಕಾಲ ಎಂದರೆ ಚೆನ್ನಮ್ಮ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟಿದ್ದೊಂದು ನೆನಪಿಗೆ ಬರುತ್ತದೆ, ಶಾಲೆಯ ಪಾಠದ ಪುಣ್ಯ. ಆ ಕಾಲದ ಹೆಂಗಸು ಬೆಳಗ್ಗೆ ಎದ್ದು ಏನು ಮಾಡುತ್ತಿದ್ದಳು? ನೆಂಟರು ಬಂದರೆ ಏನು ಕೊಡುತ್ತಿದ್ದಳು? ಕಾಫಿ ಟೀ ಎರಡೂ ಇಲ್ಲ. ಬೆಲ್ಲ, ನೀರು, ಆಮೇಲೆ ಕವಳದ ಹರಿವಾಣ. ಮನೆಯನ್ನು ತಳಪಾಯದಿಂದ ನಾವೇ ಕಟ್ಟಬೇಕು.

ನನಗೆ ತಳಪಾಯ ಸಿಕ್ಕಿದ್ದು ಒಬ್ಬ ಪರದೇಶಿಯ ಕಾಗದಗಳಲ್ಲಿ. ರೋಮಿನ ಪಿಯೆತ್ರೊ ದೆಲ್ಲಾ ವಾಲೆ 1623ರ ನವೆಂಬರಿನಲ್ಲಿ, ಕೆಳದಿಯ ದೊರೆ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಹೊರಟ ಪೋರ್ಚುಗೀಸ್ ರಾಯಭಾರಿಯ ಜೊತೆ ಘಟ್ಟ ಹತ್ತಿ ಇಕ್ಕೇರಿಗೆ ಬಂದ. ಕಂಡದ್ದನ್ನೆಲ್ಲ ನೇಪಲ್ಸಿನ ಗೆಳೆಯನಿಗೆ ಬರೆದ. ಸಂಜೆ ಹೊತ್ತು ಬಣ್ಣದ ಕೋಲು ಹಿಡಿದು, ಹೂ ಮುಡಿದು ಬೀದಿಯಲ್ಲಿ ಕೋಲಾಟ ಆಡುವ ಹುಡುಗಿಯರನ್ನು ಅವನು ನೋಡಿದ್ದಾನೆ. ಅರಮನೆಯ ಬಖೈರುಗಳಲ್ಲಿ, ಅಂದರೆ ರಾಜವಂಶದ ಚರಿತ್ರೆಗಳಲ್ಲಿ, ಎಷ್ಟು ಹುಡುಕಿದರೂ ಸಿಗದ ಬೀದಿ ಅದು. ಈ ಮನುಷ್ಯನ ಕಥೆಯೇ ಒಂದು ಕಾದಂಬರಿ. ಬಾಗ್ದಾದಿನಲ್ಲಿ ಮಆನಿ ಎಂಬವಳನ್ನು ಪ್ರೀತಿಸಿ ಮದುವೆಯಾದ. ಅವಳು ಪರ್ಷಿಯಾದ ದಾರಿಯಲ್ಲಿ ಜ್ವರ ಬಂದು ತೀರಿಕೊಂಡಳು. ಅವಳ ದೇಹ ಕೆಡದಂತೆ ಮಾಡಿಸಿ, ಪೆಟ್ಟಿಗೆಯಲ್ಲಿಟ್ಟು, ಹಿಂದೂಸ್ತಾನಕ್ಕೂ ತಂದು, ಇಲ್ಲಿಂದ ವಾಪಸ್ ಒಯ್ದು 1627ರಲ್ಲಿ ರೋಮಿನಲ್ಲಿ ಮಣ್ಣು ಮಾಡಿದ. ನಾನೇನಾದರೂ ಇಂಥ ನಾಯಕನನ್ನು ಸೃಷ್ಟಿಸಿದ್ದರೆ ಓದುಗರು ‘ಇದು ಸ್ವಲ್ಪ ಅತಿಯಾಯ್ತು’ ಎನ್ನುತ್ತಿದ್ದರು.

ಇಂಥವನ ಕಣ್ಣಿಗೆ ಇಕ್ಕೇರಿಯ ಬೀದಿಯಲ್ಲಿ ಕುದುರೆ ಮೇಲೆ ಕೂತ ಒಬ್ಬ ಹೆಂಗಸು ಬೀಳುತ್ತಾಳೆ. ಒಂದು ಕೈಯಲ್ಲಿ ಕನ್ನಡಿ, ಇನ್ನೊಂದರಲ್ಲಿ ನಿಂಬೆಹಣ್ಣು. ನಮ್ಮ ಮಾಸ್ತಿಕಲ್ಲುಗಳಲ್ಲಿ ಮೊಣಕೈ ಮಡಿಸಿದ, ಬಳೆ ತೊಟ್ಟ ಕೈ ಹಿಡಿದಿರುವುದು ಅದೇ ನಿಂಬೆಹಣ್ಣನ್ನು. ಗಂಡ ಸತ್ತಿದ್ದಾನೆ, ಅವಳು ಸಹಗಮನಕ್ಕೆ ಹೊರಟಿದ್ದಾಳೆ. ಅವಳ ಹೆಸರನ್ನು ಅವನು ತನ್ನ ಕಿವಿಗೆ ಕೇಳಿಸಿದಂತೆ ಬರೆದುಕೊಂಡಿದ್ದಾನೆ. ನಮ್ಮ ಬಾಯಿಗೆ ಅದು ಜಕ್ಕಮ್ಮ. ತೆಲುಗು ಸೀಮೆಯವಳು, ಗಂಡ ನಗಾರಿ ಬಾರಿಸುವವನು. ದೆಲ್ಲಾ ವಾಲೆ ಅವಳ ಮನೆಗೇ ಹೋಗಿ ಮಾತಾಡಿಸುತ್ತಾನೆ. ಬೇಡ ಎನ್ನುತ್ತಾನೆ, ಚಿಕ್ಕ ಮಕ್ಕಳಿದ್ದಾರಲ್ಲ ಎನ್ನುತ್ತಾನೆ. ಯಾರ ಬಲವಂತವೂ ಇಲ್ಲ, ನನ್ನ ಇಷ್ಟ ಎಂದು ಅವಳು ನಗುನಗುತ್ತಲೇ ಉತ್ತರಿಸುತ್ತಾಳೆ. ಹೆಂಡತಿಯ ಹೆಣವನ್ನು ಬಿಟ್ಟುಕೊಡಲಾರದವನು ಗಂಡನ ಹಿಂದೆ ಹೋಗಬೇಡ ಎಂದು ಇನ್ನೊಬ್ಬಳಿಗೆ ಬುದ್ಧಿ ಹೇಳುತ್ತ ಕೂತ ಆ ಪುಟಗಳನ್ನು ಎಷ್ಟು ಸಲ ಓದಿದರೂ ನನಗೆ ಮುಗಿಯುವುದಿಲ್ಲ.

ಅದೇ ಕಾಗದದಲ್ಲಿ, ಹೋಗುತ್ತ ಹೋಗುತ್ತ ಅನ್ನುವ ಹಾಗೆ, ಇನ್ನೊಂದು ಸಂಗತಿ ಇದೆ. ಆ ನಗಾರಿಯವನಿಗೆ ಜಕ್ಕಮ್ಮನಲ್ಲದೆ ಇನ್ನೂ ಇಬ್ಬರು ಹೆಂಡಿರಿದ್ದರು. ಅವರು ಬೆಂಕಿಗೆ ಬೀಳಲು ಒಪ್ಪಲಿಲ್ಲ. ಮಕ್ಕಳನ್ನು ನೋಡಿಕೊಳ್ಳಬೇಕು ಎಂದರಂತೆ. ಅಷ್ಟೇ. ಅವರ ಹೆಸರಿಲ್ಲ, ಆಮೇಲೆ ಅವರಿಗೇನಾಯಿತು ಎಂಬುದೂ ಇಲ್ಲ. ಜಕ್ಕಮ್ಮನಿಗೆ ಒಂದು ಕಾಗದವಾದರೂ ಸಿಕ್ಕಿತು, ಈ ಇಬ್ಬರಿಗೆ ಸಿಕ್ಕಿದ್ದು ಅರ್ಧ ವಾಕ್ಯ.

ನನ್ನ ಕಾದಂಬರಿ ಹುಟ್ಟಿದ್ದು ಆ ಅರ್ಧ ವಾಕ್ಯದಿಂದ. ಬೇಡ ಎಂದವಳು ಮರುದಿನ ಬೆಳಗ್ಗೆ ಎದ್ದು ಒಲೆ ಹಚ್ಚಿರಬೇಕಲ್ಲ? ಊರಿನವರ ಕಣ್ಣು ತಪ್ಪಿಸಿಕೊಂಡು ಬಾವಿಗೆ ಹೋಗಿರಬೇಕು. ವರ್ಷಗಳು ಕಳೆದ ಮೇಲೆ, ಅವಳನ್ನು ಯಾರಾದರೂ ಮತ್ತೆ ನೋಡಿದರೆ, ಅವಳೂ ನೋಡಿದರೆ?

ಆ ‘ಯಾರಾದರೂ’ ಸಿಕ್ಕಿದ್ದು ಬ್ರಿಟಿಷರ ಕಾಲದ ಬಿ.ಎಲ್. ರೈಸ್ ಸಾಹೇಬರ ಮೈಸೂರು ಗೆಜೆಟಿಯರ್‌ನಲ್ಲಿ, ಕಂದಾಯದ ಅಧ್ಯಾಯದಲ್ಲಿ. ಪ್ರೇಮಕಥೆ ಬರೆಯುವವರು ಕಂದಾಯದ ಅಧ್ಯಾಯ ಬಿಟ್ಟು ಮುಂದೆ ಹೋಗಬಾರದು, ಇದು ನನ್ನ ಗಟ್ಟಿ ಅಭಿಪ್ರಾಯ. 1645ರಿಂದ 1660ರವರೆಗೆ ಆಳಿದ ಶಿವಪ್ಪ ನಾಯಕನ ‘ಶಿಸ್ತು’, ಅಂದರೆ ಭೂಕಂದಾಯದ ದರ, ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ಅವನು ಆ ಶಿಸ್ತನ್ನು ಗೊತ್ತುಮಾಡಿದ ಬಗೆ ಹೀಗಂತೆ: ಪ್ರತಿ ಊರಿನಲ್ಲೂ ಒಂದೊಂದು ಬಗೆಯ ಮಣ್ಣಿನ ಒಂದೊಂದು ಗದ್ದೆಯನ್ನು ಅರಮನೆಯ ಖರ್ಚಿನಲ್ಲೇ ಸಾಗುವಳಿ ಮಾಡಿಸಿದ. ಬಿತ್ತಿದ ಬೀಜ ಎಷ್ಟು, ಕೂಲಿ ಎಷ್ಟು, ಬೆಳೆದದ್ದೆಷ್ಟು, ಬೆಲೆ ಎಷ್ಟು ಎಂದು 12 ವರ್ಷ ಬಿಡದೆ ಬರೆಸಿದ. ಸರಾಸರಿ ತೆಗೆದು ಮೂರನೇ ಒಂದು ಪಾಲು ಸರ್ಕಾರಕ್ಕೆ ಎಂದ. ಆಡಳಿತದ ಇತಿಹಾಸ ಓದುವವರಿಗೆ ಇದರಲ್ಲಿ ದಕ್ಷ ದೊರೆ ಕಾಣುತ್ತಾನೆ. ನನಗೆ ಕಂಡದ್ದು, 12 ವರ್ಷ ಅದೇ ಊರಿಗೆ, ಅದೇ ಗದ್ದೆಯ ಬದುವಿಗೆ, ಸುಗ್ಗಿಯ ಹೊತ್ತಿಗೆ ಬಂದು ನಿಲ್ಲಬೇಕಾದ ಒಬ್ಬ ಲೆಕ್ಕದವನು. ಪಕ್ಕದ ಗದ್ದೆ ಅವಳದು.

ಅವನು ಸಂಕಣ್ಣ, ಅವಳು ನೀಲಮ್ಮ. ಯಾವ 12 ವರ್ಷ ಎಂಬುದನ್ನು ನಾನೇ ಗೊತ್ತುಮಾಡಿಕೊಂಡು 1647ರ ಸರ್ವಜಿತು ಸಂವತ್ಸರದಿಂದ ಶುರು ಮಾಡಿದೆ, ಅಧ್ಯಾಯಕ್ಕೊಂದು ಸಂವತ್ಸರ. ಪಂಚಾಂಗ ನನ್ನ ಪಕ್ಷ ವಹಿಸಿತು ನೋಡಿ. 1649 ವಿರೋಧಿ, ಆ ವರ್ಷವೇ ಜಗಳ. ಭತ್ತ ಅಳೆಯುವ ಕೊಳಗವನ್ನು ತಲೆ ಸವರಿ ಅಳೆಯಬೇಕೋ, ರಾಶಿ ಬಿಟ್ಟು ಅಳೆಯಬೇಕೋ ಎಂದು ಅವಳು ಕಣದಲ್ಲಿ ಎಲ್ಲರೆದುರು ಕೇಳುತ್ತಾಳೆ. ಅವನಿಗೆ ಉತ್ತರ ಗೊತ್ತು, ಹೇಳುವ ಧೈರ್ಯವಿಲ್ಲ, ಏಕೆಂದರೆ ಅವನ ಮೇಲಿನವನು ರಾಶಿ ಬಿಟ್ಟೇ ಅಳೆಸಿದ್ದಾನೆ. 1653 ವಿಜಯ, ಆ ಸುಗ್ಗಿಗೆ ಅವನು ಬರುವುದೇ ಇಲ್ಲ, ಕರಾವಳಿಯ ಪೋರ್ಚುಗೀಸ್ ಕೋಟೆಗಳ ಮೇಲೆ ಹೋದ ದಂಡಿನ ಜೊತೆ ಅಕ್ಕಿಯ ಲೆಕ್ಕ ಬರೆಯಲು ಅವನನ್ನೂ ಕಳಿಸಿದ್ದಾರೆ. ಇನ್ನು 1655? ಮನ್ಮಥ ಸಂವತ್ಸರ. ನಾನು ಹೇಳಿ ಮಾಡಿಸಿದ್ದಲ್ಲ, ಎಣಿಸಿ ನೋಡಿ.

ಐತಿಹಾಸಿಕ ಪ್ರೇಮಕಥೆಯಲ್ಲಿ ಇತಿಹಾಸ ಹಿನ್ನೆಲೆಯ ಪರದೆಯಾಗಿ ನಿಂತರೆ ನನಗೆ ಸಮಾಧಾನವಿಲ್ಲ. ಅದು ಇಬ್ಬರ ನಡುವೆ ಬಂದು ಅಡ್ಡ ಕೂರಬೇಕು, ಇಲ್ಲವೇ ಕೈಹಿಡಿದು ಹತ್ತಿರ ತರಬೇಕು. ಇಂದಿನ ಹುಡುಗ ಹುಡುಗಿಗೆ ಪಂಚೆ ಸೀರೆ ಉಡಿಸಿ ‘ಮಹಾಪ್ರಭೂ’ ಅನ್ನಿಸಿದರೆ ಅದು ಫ್ಯಾನ್ಸಿ ಡ್ರೆಸ್ಸು. ಸಣ್ಣ ಉದಾಹರಣೆ ಕೊಡುತ್ತೇನೆ. ಮೊದಲ ಕರಡಿನಲ್ಲಿ ನೀಲಮ್ಮ ಸಂಕಣ್ಣನ ಬೆರಳು ಗಮನಿಸುವ ಒಂದು ಕಡೆ ಇತ್ತು. ಲೆಕ್ಕದವನ ಬೆರಳೆಂದರೆ ಮಸಿ ಅಂಟಿದ ಬೆರಳು ಎಂದು ಯಾರಿಗಾದರೂ ಅನಿಸುತ್ತದೆ. ಆದರೆ ಆ ಕಾಲದ ಲೆಕ್ಕಗಳು ಹೆಚ್ಚಾಗಿ ಕಡತದಲ್ಲಿರುತ್ತಿದ್ದವು. ಬಟ್ಟೆಗೆ ಹುಣಿಸೆಬೀಜದ ಸರಿ, ಇದ್ದಿಲ ಪುಡಿ ಬಳಿದು ಒಣಗಿಸಿ, ಪುಸ್ತಕದಂತೆ ಮಡಿಸಿ, ಅದರ ಮೇಲೆ ಬಳಪದಿಂದ ಬರೆಯುವುದು. ಶೃಂಗೇರಿ ಮಠದ ಕಡತಗಳ ಹೆಸರು ಕೇಳಿರುತ್ತೀರಿ. ಹಾಗಾಗಿ ಸಂಕಣ್ಣನ ಬೆರಳ ತುದಿಯಲ್ಲಿ ಇರಬೇಕಾದದ್ದು ಬಳಪದ ಬಿಳಿ ಪುಡಿ. ಆ ಬಿಳಿ ಸಿಕ್ಕಿದ ಕೂಡಲೇ ಕಥೆಯೇ ತಿರುಗಿತು. ಕಡತದಲ್ಲಿ ಬರೆದದ್ದನ್ನು ಒರೆಸಿ ಮತ್ತೆ ಬರೆಯಬಹುದು. ಹಾಗಾದರೆ ಅವಳ ಗದ್ದೆಯ ಲೆಕ್ಕವನ್ನು ಅವನು ಒಂದು ರಾತ್ರಿ ಒರೆಸಬಹುದು. ಒರೆಸಿದ ಅಂಕಿ ಅವನ ಬೆರಳ ಮೇಲೆ ಉಳಿಯುತ್ತದೆ, ಅದನ್ನು ಅವಳು ನೋಡುತ್ತಾಳೆ. ಈ ಅಧ್ಯಾಯಕ್ಕೆ ಬಂದಷ್ಟು ಓದುಗರ ಕಾಗದ ಬೇರೆ ಯಾವುದಕ್ಕೂ ಬಂದಿಲ್ಲ.

ಮದುವೆಯದು ಇನ್ನೂ ಕಷ್ಟದ ಪ್ರಶ್ನೆ. ಹುಡುಗಿಯರಿಗೆ ಮೈನೆರೆಯುವ ಮೊದಲೇ ತಾಳಿ ಬೀಳುತ್ತಿದ್ದ ಮನೆಗಳಲ್ಲಿ ಇಬ್ಬರು ಬೆಳೆದವರ ಪ್ರೇಮವನ್ನು ಹೇಗೆ ಕೂರಿಸುವುದು? ನೀಲಮ್ಮನನ್ನು ವಿಧವೆಯಾಗಿ ಮಾಡಿದ್ದಕ್ಕೆ ಇದೂ ಕಾರಣ. ನಮ್ಮ ಎಷ್ಟೋ ಸಮುದಾಯಗಳಲ್ಲಿ ಗಂಡ ಸತ್ತವಳು ಇನ್ನೊಬ್ಬನ ಕೈಹಿಡಿಯಲು ಕೂಡಿಕೆ, ಸೀರೆ ಉಡಿಕೆ ಎಂಬ ದಾರಿಗಳಿದ್ದವು. ಸದ್ದುಗದ್ದಲವಿಲ್ಲ, ಹಂದರವಿಲ್ಲ, ರಾತ್ರಿ ಹೊತ್ತಿನಲ್ಲಿ ನಾಲ್ಕು ಜನರ ಮುಂದೆ ಸೀರೆ ಕೊಟ್ಟರಾಯಿತು. ದೊಡ್ಡ ಮದುವೆಯ ವೈಭವ ಬರೆಯಲು ಕೈ ತುರಿಸುತ್ತಿತ್ತು, ನಿಜ. ಆದರೆ ಆ ಸೀರೆಯೊಂದೇ ನನಗೆ ನೂರು ಆನೆಗಳ ಮೆರವಣಿಗೆಗಿಂತ ಹೆಚ್ಚು ಕೊಟ್ಟಿತು.

ಶೃಂಗಾರ ಬರೆಯುವಾಗ ಮಾತ್ರ ಕನ್ನಡ ಲೇಖಕಿಯರಿಗೆ ಪಕ್ಕದಲ್ಲಿ ಅತ್ತೆ ಕೂತಂತಾಗುತ್ತದೆ. ಹಳೆಯ ಚಂಪೂ ಕವಿಗಳಿಗೆ ಆ ಕಷ್ಟವಿರಲಿಲ್ಲ. ಅಷ್ಟಾದಶ ವರ್ಣನೆಗಳ ಪಟ್ಟಿಯಲ್ಲಿ ಸೂರ್ಯೋದಯ, ಸಮುದ್ರದ ಜೊತೆಗೇ ಸುರತವೂ ಇತ್ತು, ಬರೆಯದಿದ್ದರೆ ಕಾವ್ಯವೇ ಕುಂದು. ನಾನು ನಡುದಾರಿ ಹಿಡಿದಿದ್ದೇನೆ. ದೀಪ ಆರಿಸುವುದಿಲ್ಲ, ಆದರೆ ಬೆಳಕನ್ನು ಕೈ ಮೇಲೆ, ಕತ್ತಿನ ಮೇಲೆ ಬಿಡುತ್ತೇನೆ.

ಹಸ್ತಪ್ರತಿ ಹಿಡಿದು ಪ್ರಕಾಶಕರೊಬ್ಬರ ಬಳಿ ಹೋದಾಗ ಅವರ ಮೊದಲ ಪ್ರಶ್ನೆ, ‘ಇದರಲ್ಲಿ ರಾಜ ಯಾರು ಮೇಡಂ?’ ರಾಜ ಇದ್ದಾನೆ ಸರ್, ಆದರೆ ಒಂದೇ ಸಲ ದೂರದಲ್ಲಿ ಪಲ್ಲಕ್ಕಿಯಲ್ಲಿ ಹೋಗುತ್ತಾನೆ ಎಂದೆ. ಮುಖಪುಟಕ್ಕೆ ಕುದುರೆ, ಕತ್ತಿ ಇಲ್ಲದಿದ್ದರೆ ಐತಿಹಾಸಿಕ ಎಂದು ಯಾರಿಗೂ ತಿಳಿಯುವುದಿಲ್ಲ ಎಂಬುದು ಅವರ ವಾದ. ವ್ಯಾಪಾರದ ದೃಷ್ಟಿಯಿಂದ ಅವರು ಹೇಳಿದ್ದು ಸರಿಯೇ ಇರಬಹುದು. ನನ್ನ ಪುಸ್ತಕದ ಮುಖಪುಟದಲ್ಲಿ ಒಂದು ಕೊಳಗ ಇದೆ.

ಸ್ವಂತ ಪ್ರಕಟಣೆ ಏನೋ ಹೊಸಗಾಲದ ಸಾಹಸ ಎಂಬಂತೆ ಮಾತಾಡುತ್ತಾರೆ. ಗಳಗನಾಥರು, ಅಂದರೆ ವೆಂಕಟೇಶ ತಿರಕೋ ಕುಲಕರ್ಣಿ, ಇದನ್ನು ನೂರು ವರ್ಷಕ್ಕೂ ಹಿಂದೆಯೇ ಮಾಡಿದ್ದರು. ಮರಾಠಿಯ ಹರಿ ನಾರಾಯಣ ಆಪ್ಟೆಯವರ ಐತಿಹಾಸಿಕ ಕಾದಂಬರಿಗಳನ್ನು ಕನ್ನಡಕ್ಕೆ ತಂದು, ತಾವೂ ಬರೆದು, ಪುಸ್ತಕದ ಗಂಟು ಹೊತ್ತು ಊರೂರು ಅಲೆದು ಮಾರಿದವರು. ಉತ್ತರ ಕರ್ನಾಟಕದಲ್ಲಿ ಕನ್ನಡ ಓದುವ ಚಟ ಹತ್ತಿಸಿದವರ ಸಾಲಿನಲ್ಲಿ ಅವರ ಹೆಸರು ಮೊದಲು ಬರುತ್ತದೆ. ನನಗಾದರೋ ಹೆಗಲ ಮೇಲೆ ಗಂಟಿಲ್ಲ, ಕೈಯಲ್ಲಿ ವಾಟ್ಸ್ಯಾಪ್ ಇದೆ. ಸಾಗರದಲ್ಲಿ ಮೂರು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬಾ ಜಾತ್ರೆಯಲ್ಲಿ ಬಳೆ ಅಂಗಡಿಗೂ ಬೆಂಡು ಬತ್ತಾಸಿನ ಅಂಗಡಿಗೂ ನಡುವೆ ಜಾಗ ಸಿಕ್ಕಿತ್ತು. ಬಳೆ ಕೊಳ್ಳಲು ಬಂದವರು ಪುಸ್ತಕ ತಿರುವಿ, ‘ಕೊನೆಗೆ ಸೇರ್ತಾರಾ?’ ಎಂದು ಕೇಳುತ್ತಿದ್ದರು. ಸೇರ್ತಾರೆ ಎಂದರೆ ಕೊಳ್ಳುತ್ತಿದ್ದರು. ಮೇಷ್ಟ್ರಿಗೆ ಇದನ್ನು ಹೇಳಬೇಕು ಎಂದುಕೊಂಡಿದ್ದೇನೆ.

ಉಳಿದ ಕೆಲಸಗಳ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಐಎಸ್‌ಬಿಎನ್ ಸಂಖ್ಯೆ ನಮ್ಮ ದೇಶದಲ್ಲಿ ಪುಕ್ಕಟೆ, ಅರ್ಜಿ ಹಾಕಿ ಕಾದರೆ ಬರುತ್ತದೆ. ಪುಸ್ತಕದ ಅಳತೆ ಡೆಮಿ 1/8, ಅಚ್ಚಾಗುವುದು 16 ಪುಟಕ್ಕೊಂದು ಫಾರಂ ಎಂಬ ಲೆಕ್ಕದಲ್ಲಿ. ಆದ್ದರಿಂದ ಕಥೆ ಮುಗಿದ ಮೇಲೂ ನಾಲ್ಕು ಪುಟ ಉಳಿದರೆ ಅಲ್ಲಿಗೆ ಏನು ಹಾಕುವುದು ಎಂಬ ಚಿಂತೆ. ಜೀವ ತಿನ್ನುವುದು ಅಕ್ಷರ. ನಾನು ಟೈಪ್ ಮಾಡುವುದು ಯೂನಿಕೋಡ್‌ನಲ್ಲಿ, ಡಿಟಿಪಿಯವರು ಅದನ್ನು ತಮ್ಮ ‘ನುಡಿ’ಗೋ ‘ಶ್ರೀಲಿಪಿ’ಗೋ, ಅಂಥ ಯಾವುದಾದರೂ ಅಕ್ಷರ ತಂತ್ರಾಂಶಕ್ಕೆ ಬದಲಾಯಿಸಿಕೊಳ್ಳುತ್ತಾರೆ. ಬದಲಾಗುವಾಗ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಜಿಗಿಯುತ್ತದೆ, ಒತ್ತಕ್ಷರ ಕಳಚಿ ಬೀಳುತ್ತದೆ. ಪ್ರೂಫ್ ನೋಡಲು ನನಗಿಂತ ನನ್ನ ಚಿಕ್ಕಮ್ಮ ಚುರುಕು. ಅವಳಿಗೆ ಕಥೆಯ ಮೇಲೆ ಕಣ್ಣಿಲ್ಲ, ಒತ್ತಕ್ಷರದ ಮೇಲಷ್ಟೇ. ಆದರೂ ಮನ್ಮಥ ಸಂವತ್ಸರಕ್ಕೆ ಬಂದಾಗ ಅವಳು ಪೆನ್ಸಿಲ್ ಕೆಳಗಿಟ್ಟು ಓದಿದ್ದನ್ನು ನಾನು ನೋಡಿದ್ದೇನೆ.

ಪ್ರತಿಲಿಪಿಯಂಥ ಆ್ಯಪ್‌ಗಳಲ್ಲಿ ಕಂತು ಕಂತಾಗಿ ಬರೆಯುವುದು ಇನ್ನೊಂದು ಬಗೆಯ ಅನುಭವ. ಕಂತು ಹಾಕಿದ ಸ್ವಲ್ಪ ಹೊತ್ತಿಗೇ ಓದುಗರು ಪಾತ್ರಗಳ ಪರ ವಿರೋಧ ಪಂಚಾಯ್ತಿ ಕೂರುತ್ತಾರೆ. ಅದು ಹುರುಪು ಕೊಡುತ್ತದೆ, ಜೊತೆಗೆ ಅಪಾಯವೂ ಇದೆ. ವಿಜಯ ಸಂವತ್ಸರದಲ್ಲಿ ಸಂಕಣ್ಣ ಬಾರದಿದ್ದಾಗ ಒಬ್ಬರು, ‘ಅವನ ಕೈಲಿ ಒಂದು ಓಲೆ ಬರೆಸಿ ಅಕ್ಕಾ, ನೋಡೋಕಾಗ್ತಿಲ್ಲ’ ಎಂದು ಬೇಡಿಕೊಂಡರು. ಓಲೆ ಬಂದರೂ ನೀಲಮ್ಮನಿಗೆ ಓದಲು ಬರುವುದಿಲ್ಲವಲ್ಲ! ಇನ್ನೊಬ್ಬರ ಕೈಲಿ ಓದಿಸಬೇಕು, ಓದುವವನು ಊರಿಗೆಲ್ಲ ಹೇಳುತ್ತಾನೆ. ಆದ್ದರಿಂದ ಅವನು ಓಲೆ ಕಳಿಸುವುದಿಲ್ಲ. ದಂಡಿನಿಂದ ಮರಳುವ ಎತ್ತಿನ ಗಾಡಿಯವನ ಕೈಲಿ ತಲೆ ಸವರಿದ ಒಂದು ಕೊಳಗ ಉಪ್ಪು ಕಳಿಸುತ್ತಾನೆ. ಅವಳಿಗೆ ಅರ್ಥವಾಗುತ್ತದೆ. ಓದುಗರಿಗೂ ಆಯಿತು.

ಈಗ ಮೇಜಿನ ಮೇಲೆ ಮತ್ತೆ ದೆಲ್ಲಾ ವಾಲೆಯೇ ಇದ್ದಾನೆ. ಇಕ್ಕೇರಿಯಿಂದ ಘಟ್ಟ ಇಳಿದು ಅವನು ಉಳ್ಳಾಲದ ರಾಣಿಯನ್ನು ನೋಡಲು ಹೋದ. ಅವಳು ಗಂಡ ಬಂಗರಸನಿಗೆ ಅವನು ಕೊಟ್ಟ ಒಡವೆಗಳನ್ನೆಲ್ಲ ವಾಪಸ್ ಕಳಿಸಿ ಸಂಬಂಧ ಕಡಿದುಕೊಂಡವಳು ಎಂದು ಬರೆದಿದ್ದಾನೆ. ಆಮೇಲೆ ಇಬ್ಬರಿಗೂ ಯುದ್ಧವೇ ಆಯಿತು. ದೆಲ್ಲಾ ವಾಲೆ ಕಂಡಾಗ ರಾಣಿ ಬರಿಗಾಲಿನಲ್ಲಿ, ಸಾದಾ ಹತ್ತಿ ಬಟ್ಟೆ ಉಟ್ಟು, ಕಾಲುವೆ ತೋಡಿಸುವ ಕೆಲಸ ನೋಡಲು ನಡೆದು ಬರುತ್ತಿದ್ದಳಂತೆ. ರಾಣಿಯ ಬಗ್ಗೆ ಈಗಾಗಲೇ ಬಹಳಷ್ಟು ಜನ ಬರೆದಿದ್ದಾರೆ, ನಾಟಕ ಆಡಿದ್ದಾರೆ, ಉತ್ಸವ ಮಾಡಿದ್ದಾರೆ. ನಾನು ಆ ಕಾಲುವೆಯೊಳಗೆ ಇಳಿದು ಮಣ್ಣು ತೋಡುತ್ತಿದ್ದವರನ್ನು ಒಬ್ಬೊಬ್ಬರನ್ನಾಗಿ ನೋಡುತ್ತಿದ್ದೇನೆ. ತುಳುನಾಡಿನ ಅಳಿಯಸಂತಾನದಲ್ಲಿ ಆಸ್ತಿ ಹೆಣ್ಣಿನ ಕಡೆಯದು, ಹಾಗಾಗಿ ಮಲೆನಾಡಿನ ನೀಲಮ್ಮನಿಗಿದ್ದ ಕಷ್ಟ ಈ ಕಥೆಯ ನಾಯಕಿಗಿರುವುದಿಲ್ಲ. ಬೇರೆ ಏನೋ ಇರುತ್ತದೆ. ಅದೇನೆಂದು ತಿಳಿಯಲು ದಕ್ಷಿಣ ಕನ್ನಡದ ಹಳೆಯ ಭೂಹಿಡುವಳಿಯ ಕಾಗದಪತ್ರ ಹಿಡಿದು ಕೂತಿದ್ದೇನೆ, ಇದರಲ್ಲೂ ಕಂದಾಯದ ಅಧ್ಯಾಯದಿಂದಲೇ ಶುರು.